ಗಡಿಯಾರ ಹಿಡಿದವನು

ಟಾರ್ಟು ಊರಿನ ಗ್ರಂಥಾಲಯಕ್ಕೆ ನಾನು ರಾತ್ರಿ ಕಾವಲಿನವ.
ಎಂಡೆಲ್ ಅಂತ ಹೆಸರು. ಕೀಲಿಗೊಂಚಲು, ಟಾರ್ಚು, ಚಹದ ಫ್ಲಾಸ್ಕು;
ಓದಿದ್ದು ಎಂಟನೇ ತರಗತಿ.

ಕೆರ್ಟು ಬಂದದ್ದು ಜನವರಿಯಲ್ಲಿ, ಹೊಳೆ ಕಲ್ಲಾದ ವಾರ.
ಮನಃಶಾಸ್ತ್ರ, ಎರಡನೇ ವರ್ಷ.
ಯಾವ ಮೇಷ್ಟ್ರೂ ಹೇಳಿರಲಿಲ್ಲ, ಯಾವ ಅಂಕಕ್ಕೂ ಅಲ್ಲ.
"ಹಳೇ ಪ್ರಯೋಗಗಳನ್ನ ಬರೀ ಓದಿ ಓದಿ ಸಾಕಾಗಿದೆ ಅಜ್ಜ,
ಒಂದನ್ನಾದರೂ ನನ್ನ ತಲೆಯೊಳಗೇ ಮಾಡಿ ನೋಡ್ತೇನೆ" ಅಂದಳು.

ನೂರು ವರ್ಷಕ್ಕೂ ಹಿಂದೆ ಯಾರೋ ಒಬ್ಬ
ಅರ್ಥವಿಲ್ಲದ ತುಂಡು ಶಬ್ದಗಳನ್ನು ಉರು ಹೊಡೆದು
ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆಂದು ಅಳೆದನಂತೆ.
ಒಬ್ಬನೇ. ತನ್ನನ್ನೇ.
ನನಗೆ ನಗು. ಮರೆಯುವುದಕ್ಕೂ ಇಷ್ಟು ಕಷ್ಟಪಡಬೇಕೆ?
ಅವಳಿಗೆ ಬೇಕಿದ್ದದ್ದು ಗಡಿಯಾರ ಹಿಡಿಯುವ ಒಂದು ಕೈ.

ಬಿಸ್ಕತ್ತು ಡಬ್ಬದ ರಟ್ಟು ಕತ್ತರಿಸಿ ಚೀಟಿಗಳಾದವು.
ಸಂಗೀತ ಶಾಲೆಯಿಂದ ಕಡ ತಂದ ತಾಳಯಂತ್ರ,
ಎಡಕ್ಕೆ ತುಸು ಕುಂಟುತ್ತಿತ್ತು.
ಜೊಫ್. ವೆಕ್. ಲೇಬ್. ಹದಿಮೂರಕ್ಕೆ ಒಂದು ಪಟ್ಟಿ.
ಅರ್ಥ ಇಣುಕಿದ ಚೀಟಿ ಹೊರಗೆ:
ಒಂದು ಗಾಳಿಯ ಹಾಗೆ ಕೇಳಿಸಿತು,
ಒಂದಕ್ಕೆ ರಷ್ಯನ್ ಬೈಗುಳದ ವಾಸನೆ,
ಇನ್ನೊಂದು ಅವಳ ಹಳೆಯ ಹುಡುಗನ ಅರ್ಧ ಹೆಸರು,
ಅದನ್ನು ಹರಿದಳು, ಹರಿದದ್ದನ್ನು ಮತ್ತೆ ಹರಿದಳು.
"ಅರ್ಥ ಅನ್ನೋದು ಇಲಿ ಇದ್ದ ಹಾಗೆ,
ಬಿಲ ಮುಚ್ಚಿದೆ ಅಂದುಕೊಂಡರೆ ಒಳಗೇ ಇರುತ್ತೆ."

ಇಪ್ಪತ್ತು ನಿಮಿಷಕ್ಕೆ ಅರ್ಧದ ಹತ್ತಿರ ಹೋಯಿತು.
ಒಂದು ತಾಸಿಗೆ ಇನ್ನಷ್ಟು. ಮರುದಿನ ಚೂರುಪಾರು.
ಆದರೆ ಹೋದದ್ದನ್ನು ಮತ್ತೆ ಕಲಿಯಲು ಕೂತರೆ
ಮೊದಲಿನಷ್ಟು ಹೊತ್ತು ಬೇಡ.
"ಆ ಮಿಕ್ಕ ಹೊತ್ತು ಇದೆಯಲ್ಲ ಅಜ್ಜ, ಅದೇ ನೆನಪು.
ನಮಗೆ ಗೊತ್ತಿಲ್ಲದೆ ಇಟ್ಟುಕೊಂಡದ್ದು."
ಚಹ ಬಗ್ಗಿಸಿ ಕೊಟ್ಟೆ. ರೈ ರೊಟ್ಟಿ ಮುರಿದಳು,
ಲೆಕ್ಕದ ಹಾಳೆಯ ಮೇಲೆ ಪುಡಿ ಉದುರಿತು.

ಫೆಬ್ರವರಿಯ ಒಂದು ರಾತ್ರಿ, ಮೂವತ್ತೊಂದನೇ ಪಟ್ಟಿ.
ಕಣ್ಣು ಮುಚ್ಚಿ ಹೇಳುತ್ತ ಹೋದಳು,
ತಾಳಯಂತ್ರ ಕುಂಟುತ್ತ ಹೋಯಿತು,
ಏಳನೆಯದು:
ಮುಬ್.

ಹಿಲ್ಯಾ ಬಿದ್ದ ಮೇಲೆ ಎಲ್ಲ ಮಾತೂ ಹೋಗಿತ್ತು.
ತವರಿನ ಮಾತು, ಕಾರ್ಖಾನೆಯ ರಷ್ಯನ್ನು,
ನನ್ನನ್ನು ಬೈಯುವ ಮಾತು, ತನ್ನದೇ ಹೆಸರು.
ಉಳಿದದ್ದು ಇದೊಂದೇ.
ನೀರಿಗೂ ಮುಬ್, ಕಿಟಕಿಗೂ ಮುಬ್,
ಬಂದೆಯಾ ಅನ್ನುವುದಕ್ಕೂ ಅದೇ, ಸ್ವಲ್ಪ ಎಳೆದು.
ಎರಡು ಚಳಿಗಾಲ ಆ ಒಂದು ಶಬ್ದದಲ್ಲಿ ಸಂಸಾರ ಮಾಡಿದೆವು.
ಒಂದು ರಾತ್ರಿ ಹನ್ನೊಂದು ಸಲ ಅಂದಳು.
ನೀರು ಕೊಟ್ಟೆ, ಕಿಟಕಿ ತೆರೆದೆ, ಮುಚ್ಚಿದೆ, ಕೈ ಹಿಡಿದೆ.
ಯಾವುದೂ ಅಲ್ಲ.
ಏನೆಂದು ಇವತ್ತಿಗೂ ಗೊತ್ತಿಲ್ಲ.

"ಎಷ್ಟಾಯ್ತು?" ಅಂದಳು ಕೆರ್ಟು.
ಮುಳ್ಳು ಓಡುತ್ತಲೇ ಇತ್ತು. ಹೆಬ್ಬೆರಳು ಒತ್ತಿರಲಿಲ್ಲ.
ಗಡಿಯಾರ ನೋಡಿದಳು, ನನ್ನ ಮುಖ ನೋಡಿದಳು,
ಪುಸ್ತಕದಲ್ಲಿ ಬರೆದಳು:
ಕಾಲ ಹಿಡಿಯುವವರ ತಪ್ಪು. ಲೆಕ್ಕಕ್ಕಿಲ್ಲ.

"ಆ ಏಳನೇ ಚೀಟಿ ತೆಗೆದುಬಿಡು ಮಗಾ,
ಅದಕ್ಕೆ ಅರ್ಥ ಇದೆ."
"ಯಾವ ಭಾಷೆಯಲ್ಲಿ?"
ಟಾರ್ಚು ತಗೊಂಡು ಮೂರನೇ ಮಹಡಿಗೆ ಸುತ್ತು ಹೋದೆ.
ಬೀಗಗಳೆಲ್ಲ ಸರಿಯಾಗೇ ಇದ್ದವು,
ಆದರೂ ಒಂದೊಂದನ್ನೂ ಎಳೆದು ನೋಡಿದೆ.

ಏಪ್ರಿಲಿನಲ್ಲಿ ಗೆರೆ ಎಳೆದು ತಂದಳು.
ಮೊದಲು ಧಡಾರನೆ ಜಾರಿ,
ಆಮೇಲೆ ನೆಲ ಮುಟ್ಟದೆ ತೆವಳುತ್ತ ಹೋಗುವ ಗೆರೆ.
ಮೂವತ್ತೊಂದನೇ ಪಟ್ಟಿ ಅದರಲ್ಲಿ ಇರಲಿಲ್ಲ.
ಹೊರಗೆ ಹೊಳೆಯ ಮಂಜು ಸಿಡಿಯುವ ಸದ್ದು.
ಸರಿ, ಅಂದೆ.
ಗಡಿಯಾರಕ್ಕೆ ಕೀಲಿ ಕೊಟ್ಟೆ.