ಏಳನೇ ಗಾಜು

ಒಟ್ಟು ಹನ್ನೊಂದು ಗಾಜಿನ ಹಲಗೆ. ಒಂದು ಒಡೆದಿದೆ.
ಕೋಡಿಬಾಗದ ನಮ್ಮ ಸ್ಟುಡಿಯೋದ ಅಟ್ಟದಲ್ಲಿ
ಯಾರೂ ಒಯ್ಯದ ಪಾಸ್‌ಪೋರ್ಟ್ ಫೋಟೋಗಳ ಡಬ್ಬಿಯ ಹಿಂದೆ
ಲಾಂಜೇಕರ ಮಾಸ್ತರರ ತಗಡಿನ ಪೆಟ್ಟಿಗೆ.
ಬೆಳಕಿಗೆ ಹಿಡಿದರೆ ಎಲ್ಲ ತಿರುಗುಮುರುಗು:
ನೀರು ಕಪ್ಪಗೆ ಧುಮುಕುತ್ತದೆ,
ಕಾಡು ಬೂದಿಯ ಹಾಗೆ ಬೆಳ್ಳಗೆ,
ಸಾಹೇಬನ ಮುಖ ಇದ್ದಿಲು.

ಸ್ಕ್ಯಾನರಿನಲ್ಲಿಟ್ಟು ಬಣ್ಣ ಮಗುಚುತ್ತೇನೆ.
ಆಗ ಕಾಣುತ್ತದೆ, ಕಾಳಿಗೆ ಸೇರುತ್ತಿದ್ದ ಆ ಹೊಳೆ,
ಈಗ ಅಣೆಕಟ್ಟಿನ ಹಿನ್ನೀರಿನ ತಳದಲ್ಲಿರುವ ಜಲಪಾತ.
(ನೀರಿನಲ್ಲಿ ಮುಳುಗಿದ ಜಲಪಾತ! ಭೋಬೆ ಮಾಮ
ಇದನ್ನು ಕೇಳಿ ಎರಡು ಸಲ ನಕ್ಕರು,
ಮೂರನೇ ಸಲ ನಗಲಿಲ್ಲ.)
ಬುಡದಲ್ಲಿ ಕಂಪನಿಯ ಗರಗಸದ ಕಾರ್ಖಾನೆ,
ಸೊಟ್ಟ ಚಿಮಣಿ, ಉಗಿಯ ಎಂಜಿನ್ನು,
ಸಾಗವಾನಿ ದಿಮ್ಮಿಗಳು. ಕೊಯ್ದ ಮುಖದ ಮೇಲೆ
ಸುತ್ತಿಗೆಯಿಂದ ಬಡಿದ ನಂಬರು:
ನಾನೂರ ಹದಿನೇಳು. ನಾನೂರ ಹದಿನೆಂಟು.
ಇವತ್ತಿಗೂ ಓದಬಹುದು.

ಆ ಕಾಲದ ಕ್ಯಾಮರಾಕ್ಕೆ ಸಾವಧಾನ ಬೇಕಿತ್ತು.
ಮುಚ್ಚಳ ತೆಗೆದು
ಒಂದು, ಎರಡು, ಮೂರು
ಎಣಿಸಿ ಮತ್ತೆ ಮುಚ್ಚಬೇಕು.
ಅಷ್ಟರಲ್ಲಿ ಅಲುಗಿದವರು ಹೊಗೆ.
ಕುರ್ಚಿಯಲ್ಲಿ ಕೂತ ಮೂವರು ಸಾಹೇಬರು
ಕೋಟಿನ ಗುಂಡಿ ಸಮೇತ ಉಳಿದಿದ್ದಾರೆ.
ಆನೆ ಉಳಿದಿದೆ, ಕಿವಿ ಇಲ್ಲ.
ದಿಮ್ಮಿ ಉರುಳಿಸುತ್ತಿದ್ದವರು
ಸೊಂಟದಿಂದ ಮೇಲೆ ಬರೀ ಮಂಜು;
ಕೆಸರಿನಲ್ಲಿ ಊರಿದ್ದಕ್ಕೆ ಕಾಲು ಮಾತ್ರ ಬಂದಿದೆ.
ದುಡಿದವರೂ ನೀರೂ ಒಂದೇ ಬಣ್ಣ.

ಏಳನೆಯದರಲ್ಲಿ ಕಾರ್ಖಾನೆ ಇಲ್ಲ, ಸಾಹೇಬರೂ ಇಲ್ಲ.
ನೀರು. ಪಕ್ಕದ ಬಂಡೆಯ ಮೇಲೆ ಒಬ್ಬಳು,
ಅಕ್ಕಿಕಾಳಿನಷ್ಟು,
ಅಲುಗದೆ.
ಹಿಗ್ಗಿಸುತ್ತ ಹೋದೆ: ಮೊಣಕಾಲಿನವರೆಗೆ ಸೀರೆ,
ಕೊರಳ ತುಂಬ ಮಣಿಸರ ಇರಬೇಕು,
ತುಟಿ ಬಿಗಿದಿದ್ದಾಳೆ, ಉಸಿರು ಹಿಡಿದವರ ಹಾಗೆ.

ಲಕೋಟೆಯ ಮೇಲೆ ಮೋಡಿ ಅಕ್ಷರದ ಒಂದು ಸಾಲು.
ಬಂದರಿನ ಹಳೆ ಗುಮಾಸ್ತರು ಭೋಬೆ ಮಾಮ
ಕನ್ನಡಕ ಹಣೆಗೇರಿಸಿ ಓದಿ, ಕನ್ನಡ ಮಾಡಿ ಹೇಳಿದರು:
"ಎತ್ತರ ತಿಳಿಯಲಿ ಅಂತ ಒಬ್ಬಳು. ಎರಡಾಣೆ."
ಹೆಸರು?
"ಹೆಸರು ಬರೆದಿಲ್ಲ. ಲೆಕ್ಕ ಬರೆದಿದ್ದಾನೆ ನೋಡು."

ನಾನೂ ಲೆಕ್ಕ ಹಾಕಿದೆ, ಪರದೆಗೆ ಸ್ಕೇಲ್ ಹಿಡಿದು.
ಬಾವಿಯನ್ನು ಅಳೆಯುವುದು ಆಳಿನಲ್ಲೇ ತಾನೆ,
ಕೂಲಿಯವಳನ್ನು ಕರೆಯುವುದೂ ಆಳೆಂದೇ.
ಒಬ್ಬಳ ತಲೆಯ ಮೇಲೆ ಒಬ್ಬಳು ನಿಂತರೆ
ನಲವತ್ತಾರು ಅವಳು.
ಅಷ್ಟು ಎತ್ತರ ಆ ಜಲಪಾತ.

ರೆಸಾರ್ಟಿನ ಪೆಡ್ನೇಕರ ಬಂದ. ರಿಸೆಪ್ಷನ್ನಿನ ಗೋಡೆಗೆ
ಎಂಟು ಅಡಿಯ ಪ್ರಿಂಟು ಬೇಕು.
"ಎಲ್ಲ ಬರೋಬರಿ. ಬಂಡೆ ಮೇಲೆ ಒಂದು ಕಲೆ ಇದೆಯಲ್ಲ,
ಅದೊಂದು ತೆಗೆದುಬಿಡಿ."
ತೆಗೆದೆ. ಸುಳ್ಳು ಯಾಕೆ ಹೇಳಲಿ,
ಎರಡು ನಿಮಿಷದ ಕೆಲಸ;
ಆಚೆ ಬದಿಯ ಬಂಡೆ ಎತ್ತಿ ಅವಳ ಮೇಲೆ ಹಚ್ಚಿದೆ.
ಗಿರಾಕಿ ದೊಡ್ಡವನು, ಪ್ರಿಂಟರಿನ ಕಂತು ಬಾಕಿ.

ಮೂರನೇ ದಿನ ಫೋನು:
"ಏನೋ ಸರಿಯಿಲ್ಲ ಮಾರಾಯ್ರೆ. ನಮ್ಮ ಮಾಲೀಕರು ಕೇಳ್ತಾರೆ,
ಇದು ಯಾವೂರ ಮೋರಿ ಅಂತ."
ನೋಡಿದೆ. ಹೌದು.
ಚೊಂಬಿನಿಂದ ಹೊಯ್ದ ನೀರು,
ಸುತ್ತಲ ಕಾಡು ಹರಿವೆಯ ಮಡಿ.

ಏನೂ ಹೇಳದೆ ಅವಳನ್ನು ಕರೆತಂದು ನಿಲ್ಲಿಸಿದೆ.
ಅಕ್ಕಿಕಾಳಿನಷ್ಟೇ.
ನೀರು ಒಮ್ಮೆಲೆ ಮೇಲೆ ಹೋಯಿತು,
ಅಲ್ಲಿಂದ ಬೀಳಲು ಶುರುವಾಯಿತು.
ಪೆಡ್ನೇಕರ ಹಿಂದೆ ಸರಿದು ನೋಡಿ, "ಈಗ ಕರೆಕ್ಟು. ಏನು ಮಾಡಿದಿರಿ?"
ಬೆಳಕು ಸ್ವಲ್ಪ ಹೆಚ್ಚಿಸಿದೆ ಅಂದೆ.

ಬಿಲ್ಲಿನಲ್ಲಿ ಒಂದು ಸಾಲು ಸೇರಿಸಿ
ಮೊತ್ತದ ಜಾಗ ಹಾಗೇ ಬಿಟ್ಟೆ; ಅವನು ಕೇಳಲಿಲ್ಲ.
ಈಗ ಅಂಗಡಿ ಬಾಗಿಲೆಳೆಯುವ ಹೊತ್ತು.
ಪರದೆ ಇನ್ನೂ ಉರಿಯುತ್ತಿದೆ. ಅವಳು
ಉಸಿರು ಬಿಟ್ಟಿಲ್ಲ.
ಮೂರರವರೆಗೆ ಎಣಿಸಿದವರು ಯಾರೋ
ಮುಚ್ಚಳ ಹಾಕುವುದನ್ನು ಮರೆತಿದ್ದಾರೆ.