ಟೀಗಿಂತ ಮೊದಲು

ರಾತ್ರಿ ಮೂರು. ತಾರ್ತುವಿನಲ್ಲಿ ನದಿ ಗಟ್ಟಿಯಾಗಿದೆ.
ನಹುವೆಲ್ ಇರುವ ಕೊನ್ಸೆಪ್ಸಿಯೋನಿನಲ್ಲಿ ಇನ್ನೂ ಹತ್ತು ಗಂಟೆ, ಬೇಸಿಗೆ;
ಪಕ್ಕದ ಮನೆಯಲ್ಲಿ ಯಾರೋ ಮೀನು ಹುರಿಯುತ್ತಿದ್ದಾರಂತೆ.
ಇಬ್ಬರ ಬಳಿಯೂ ಒಂದೇ ಮೂಲ, ಒಂದೇ ಕಂಪೈಲರ್.
ಕಟ್ಟಿ ಮುಗಿಸಿದರೆ ಮಾತ್ರ
ಎರಡು ಬೇರೆ ಬೆರಳಚ್ಚು.

ಎಕ್ಸ್‌ಎಮ್‌ಎಲ್ ಓದುವ ಪುಟ್ಟ ಲೈಬ್ರರಿ ಇದು.
ತೆರೆದ ಟ್ಯಾಗನ್ನು ಮುಚ್ಚದೆ ಬಂದವರನ್ನು
ಬಾಗಿಲಲ್ಲೇ ತಡೆದು, ಸಾಲಿನ ಸಂಖ್ಯೆ ಹೇಳಿ
ವಾಪಸು ಕಳಿಸುವ ಗುಮಾಸ್ತ.
ಆಸ್ಪತ್ರೆಯ ಚೀಟಿ, ರೈಲಿನ ವೇಳಾಪಟ್ಟಿ, ಯಾರದೋ ಸಂಬಳ
ಇದರ ಕೈ ದಾಟಿಯೇ ಹೋಗಬೇಕು.
ಅದಕ್ಕೇ ಈ ಹಠ:
ಯಾರು ಎಲ್ಲಿ ಕಟ್ಟಿದರೂ ಬೈಟಿಗೆ ಬೈಟು ಅದೇ ಬರಲಿ,
ನನ್ನನ್ನು ಯಾರೂ ನಂಬಬೇಕಾಗದಿರಲಿ.

ಮೊದಲು ಗಡಿಯಾರ ಕಿತ್ತೆ.
ಕಟ್ಟಿದ ಹೊತ್ತನ್ನು ಕೈಪಿಡಿಯ ಅಡಿಯಲ್ಲಿ ಗೀಚಿಡುವ ಚಾಳಿ ಅದಕ್ಕೆ.
ಈಗ ಎಲ್ಲ ಪ್ರತಿಗೂ ಒಂದೇ ತಾರೀಖು,
ಕೊನೆಯ ತಿದ್ದುಪಡಿಯದು, ಹೋದ ಮಾರ್ಚಿನ ಒಂದು ಮಂಗಳವಾರ.
ಆಮೇಲೆ ವಿಳಾಸ. ಹೋಮ್, ಅದರ ಕೆಳಗೆ ಹೆಲ್ವೆ:
ನನ್ನ ಹೆಸರು ಒಳಗೆಲ್ಲೋ ಅಂಟಿಕೊಂಡಿತ್ತು. ಅಳಿಸಿದೆ.
ಆದರೂ ಕೂಡಲಿಲ್ಲ.

‘ನಿನ್ನಲ್ಲಿ ಝಿಪ್ ಮೊದಲು, ಟ್ರೀ ಆಮೇಲೆ,’
ನಹುವೆಲ್ ಬರೆದ. ‘ಯಾಕೆ?’

ಯಾಕೆಂದರೆ ನಮ್ಮ ಅಕ್ಷರಮಾಲೆಯಲ್ಲಿ
ಝಡ್ ಎಸ್ಸಿನ ಬೆನ್ನಿಗೇ ಬರುತ್ತದೆ.
ಎಂಟು ವರ್ಷ, ಹಾಜರಿ ಕೂಗುವಾಗ,
ಝಹಾರೊವ್ ‘ಇದ್ದೇನೆ’ ಅಂದ ಮೇಲೆಯೇ
ಟಾಲ್ವಿಕ್ ಎಂಬ ನಾನು ಬೆನ್ನು ನೆಟ್ಟಗೆ ಮಾಡಿದ್ದು.
ಅವನ ಕೆಮ್ಮು ಕೇಳಿದರೂ ಸಾಕಿತ್ತು, ಬಾಯಿ ತೆರೆದುಕೊಳ್ಳುತ್ತಿತ್ತು.
ಅದೇ ಸಾಲನ್ನು ಯಂತ್ರಕ್ಕೂ ಕಲಿಸಿಟ್ಟಿದ್ದೆ, ಅರಿವಿಲ್ಲದೆ,
ಮನೆಮಾತನ್ನು ಮಗುವಿಗೆ ಕಲಿಸುವ ಹಾಗೆ.

ಒಂದು ಸಾಲು ಸೇರಿಸಿದೆ:
ಯಾವ ಊರಿನ ಕ್ರಮವೂ ಬೇಡ, ಬರೀ ಬೈಟಿನ ಲೆಕ್ಕ.
ಝಹಾರೊವ್ ಎದ್ದು
ಕೊನೆಯ ಬೆಂಚಿಗೆ ಹೋಗಿ ಕೂತ.

ಮತ್ತೆ ಕಟ್ಟಿದೆವು. ಅವನು ಅಲ್ಲಿಂದ ಓದಿದ,
ಒಂಬತ್ತು, ಸಿ, ನಾಲ್ಕು, ನಾಲ್ಕು, ಎ...
ನಾನು ಬೆರಳಿಟ್ಟು ಹಿಂಬಾಲಿಸಿದೆ,
ಉಸಿರು ಬಿಗಿಹಿಡಿದು, ಅರವತ್ತನಾಲ್ಕರವರೆಗೆ.
ಕೂದಲೆಳೆಯ ಅಂತರವೂ ಇಲ್ಲ.

‘ತಪ್ಪು ಕ್ರಮವನ್ನು ಬದಲಿಸಿದೆ’
ಎಂದು ಟಿಪ್ಪಣಿ ಬರೆದೆ.
ಕಳಿಸುವ ಮುನ್ನ
‘ತಪ್ಪು’ ತೆಗೆದುಹಾಕಿದೆ.