ಎಂಟು ಎಲೆ

ಮಂಗಳವಾರ. ಮೂರಕ್ಕೇ ಕತ್ತಲು.
ಶೆಟ್ಲೆಂಡಿನ ಚಳಿಗಾಲ, ಸ್ಕ್ಯಾಲೊವೆ ಬಂದರಿನ ಹಾಲ್,
ನೆಗಡಿ ಹಿಡಿದವರ ಹಾಗೆ ಸೊರಸೊರ ಅನ್ನುವ ಹೀಟರು.
ಏಳು ಹೆಂಗಸರು, ಒಬ್ಬ ನಾನು.
ಮೇಜಿಗೆ ಹಾಸಿದ ಹಳೇ ಪೇಪರಿನಲ್ಲಿ
ಹೋದ ವಾರ ತೀರಿಕೊಂಡವರು, ಕುರಿ ಮಾರಾಟ, ಫೆರಿಯ ವೇಳೆ.

ಇಸ್ಪೀಟಿನ ಎಲೆಯಷ್ಟೇ ರಟ್ಟು.
ಕೂದಲೆಳೆ ದೊಡ್ಡದಾದರೂ ಓಸ್ಲಾ ಒಪ್ಪುವುದಿಲ್ಲ.
"ಮೊದಲು ಬಿಳಿ ಬಳಿ, ಮ್ಯಾಗ್ನಿ.
ಗೋಡೆಗೆ ಸುಣ್ಣ ಹೊಡೆದ ಹಾಗಲ್ಲ,
ಮಗುವಿನ ಬೆನ್ನಿಗೆ ಪೌಡರ್ ಹಾಕಿದ ಹಾಗೆ.
ಕೆಟ್ಟರೆ ಅಂಗೈಯಗಲ ಕೆಡುತ್ತದೆ, ಅಷ್ಟೇ ತಾನೆ?"
ಇನ್ನೊಂದು ಕಟ್ಟಳೆ: ಮಾರುವ ಹಾಗಿಲ್ಲ,
ಕೊಟ್ಟು ತಗೊಳ್ಳುವುದು ಮಾತ್ರ.
ಕೊಟ್ಟದ್ದನ್ನು ವಾಪಸು ಕೇಳುವ ಹಾಗೂ ಇಲ್ಲ.

ಇವರಿಗೆ ಏನೆಲ್ಲ ಬರುತ್ತದೆ!
ಬ್ಯಾಬ್ಸಿ ಬ್ಯಾಂಡೇಜಿನ ಬಟ್ಟೆಯನ್ನು ಅಂಟಿನಲ್ಲಿ ಅದ್ದಿ
ಹರಿದ ಮಂಜು ಮಾಡುತ್ತಾಳೆ.
ಗ್ರೈಜೆಲ್ ತನ್ನಜ್ಜಿ ಹೆಣೆದ ಲೇಸು ಹಾಸಿ
ಮೇಲೆ ಸ್ಪಂಜಿನಿಂದ ನೀಲಿ ತಟ್ಟಿ ಎತ್ತಿದರೆ
ತೂತೆಲ್ಲ ಹೂವು, ನೂಲೆಲ್ಲ ಬರೀ ಬಯಲು.
ಆ ನೂಲಿಗೆಂದು ಅಜ್ಜಿ ಕಣ್ಣು ಕಳಕೊಂಡಿದ್ದಳು.
ಬಣ್ಣ ನೆನಪಿಟ್ಟದ್ದು ತೂತನ್ನು.

ನನಗೆ ಗೊತ್ತಿದ್ದ ಸ್ಟೆನ್ಸಿಲ್ ಒಂದೇ:
ಮೂವತ್ತೊಂದು ವರ್ಷ ಮೀನಿನ ಪೆಟ್ಟಿಗೆಗಳ ಮೇಲಿಟ್ಟು
ಕಪ್ಪು ಬಳಿದ ತಗಡು. ಅದರಲ್ಲಿ ನಮ್ಮ ದೋಣಿಯ ಹೆಸರು, ಥ್ರಿಫ್ಟ್.
ಬಂಡೆಯ ಬಿರುಕಲ್ಲಿ ಉಪ್ಪುಗಾಳಿ ಕುಡಿದು ಬದುಕುವ
ಗುಲಾಬಿ ಬಣ್ಣದ ಹೂವಿಗೂ ಅದೇ ಹೆಸರು,
ಕಾಸಿಗೆ ಕಾಸು ಗಂಟು ಹಾಕುವುದಕ್ಕೂ ಅದೇ.
ಯಜಮಾನರು ಹೂವೆಂದುಕೊಂಡು ಇಟ್ಟರು.
ಬ್ಯಾಂಕಿನವರು ಇನ್ನೊಂದೆಂದುಕೊಂಡು ಓದಿದರು.
ಪರಿಹಾರ ಬಂತು. ಸಹಿ ಹಾಕಿದೆವು.
ಉಕ್ಕಿನ ಕೊಕ್ಕೊಂದು ಬಂದು
ನನ್ನ ಕೈಯ ಟೀ ಆರುವುದರೊಳಗೆ
ದೋಣಿಯನ್ನು ಅರ್ಧ ತಿಂದಿತ್ತು.
ಹಿಂದಿನ ದಿನವೇ ತಗಡನ್ನು ಮನೆಗೆ ತಂದಿದ್ದೆ,
ಯಾಕೆಂದು ಆಗ ಯಾರೂ ಕೇಳಲಿಲ್ಲ.

ಈ ಮಂಗಳವಾರ ಅದನ್ನು ಒಯ್ದೆ.
ಎಂಟು ಎಲೆಗಳನ್ನು ಸಾಲಾಗಿ, ಅಂಚಿಗೆ ಅಂಚು ತಾಗಿಸಿ ಇಟ್ಟೆ.
ಬಿಳಿಯ ಮೇಲೆ ಮರಳು, ಬಲೆಯ ಚೂರು, ಬಳಸಿದ ಟೀಪುಡಿ.
ಒದ್ದೆ ನೀಲಿಗೆ ಉಪ್ಪು ಚೆಲ್ಲಿದರೆ
ಅದು ಬಣ್ಣ ಹೀರಿ ಹರಳಿಗೊಂದು ನಕ್ಷತ್ರ ಬಿಡುತ್ತದೆ.
ಉಪ್ಪು ಇಷ್ಟು ಮೆತ್ತಗೆ ಕೆಲಸ ಮಾಡುವುದನ್ನು ಕಂಡಿರಲಿಲ್ಲ,
ನನ್ನ ಬೆರಳ ಸಂದಿಗಳಿಗೆ ಅದು ಬೇರೆಯೇ ಮುಖ ತೋರಿಸಿತ್ತು.
ಆಮೇಲೆ ತಗಡಿಟ್ಟು, ಕುಂಚ ನೆಟ್ಟಗೆ ಹಿಡಿದು
ಪೆಟ್ಟಿಗೆಗೆ ಕುಟ್ಟಿದ ಹಾಗೇ ಕುಟ್ಟಿದೆ, ಟಕಟಕಟಕ.
ಹೆಂಗಸರ ಮಾತು ನಿಂತಿತು.
ತುಸು ಬಣ್ಣ ಅಡಿಗೆ ನುಸುಳಿತು.
ಯಾವತ್ತೂ ನುಸುಳುತ್ತಿತ್ತು.

ಒಣಗಿ, ಎಲೆ ಬಿಡಿಸಿದರೆ, ಹೆಸರಿಲ್ಲ.

"ದೀಪದ ಕಂಬ" ಅಂದಳು ಗ್ರೈಜೆಲ್, ಮೊದಲಕ್ಷರದ ಅರ್ಧ ಎತ್ತಿಕೊಂಡು.
ಬ್ಯಾಬ್ಸಿಗೆ ಏಣಿಯ ಒಂದು ಮೆಟ್ಟಿಲು ಸಿಕ್ಕಿತು.
ಓಸ್ಲಾ ಒಂದು ಬಾಗುಗೆರೆಯನ್ನು ಬೆಳಕಿಗೆ ಹಿಡಿದು
"ಕಿವಿ" ಅಂದಳು. "ಯಾರದ್ದು?"
ನಾನು ಕುಂಚ ತೊಳೆಯುತ್ತಿದ್ದೆ.

ಏಳು ಎಲೆ ಏಳು ಮನೆಗೆ ಹೋದವು.
ಒಂದು ಫ್ರಿಜ್ಜಿನ ಬಾಗಿಲಿಗೆ, ಒಂದು ಬೈಬಲ್ಲಿನೊಳಕ್ಕೆ,
ಒಂದನ್ನು ಯಾರದೋ ಮೊಮ್ಮಗಳು ಆಬರ್ಡೀನಿಗೆ ಒಯ್ದಳಂತೆ.
ದೋಣಿ ಎರಡನೇ ಸಲ ಚೂರಾಯಿತು,
ಈ ಸಲ ಸಹಿ ಬೇಕಾಗಲಿಲ್ಲ.
ಬದಲಿಗೆ ನನ್ನ ಜೇಬಿಗೆ ಬಂದದ್ದು:
ಹರಿದ ಮಂಜು, ಅಜ್ಜಿಯ ತೂತುಗಳು,
ಗುಂಡಿ ಹೊಲಿದ ಚಂದ್ರ, ಸೊಟ್ಟ ಕಾಲಿನ ಕೋಳಿ,
ಉಳಿದ ಮೂರು ಏನೆಂದು ಇನ್ನೂ ತಿಳಿದಿಲ್ಲ.

ಎಂಟನೆಯದು ನನ್ನಲ್ಲೇ ಇದೆ. ಅದರಲ್ಲಿ ಅಕ್ಷರವಿಲ್ಲ.
ಹೆಸರು ಮುಗಿದ ಮೇಲಿನ ಜಾಗ,
ತಗಡು ಜಾರದಂತೆ ಒತ್ತಿ ಹಿಡಿದಿದ್ದ ಕಡೆ.
ಒಂದಿಷ್ಟು ಮರಳು, ನಾಲ್ಕು ಉಪ್ಪಿನ ನಕ್ಷತ್ರ,
ಹೆಬ್ಬೆರಳ ಕಪ್ಪು ಗುರುತು.
ಇನ್ನೂ ಮುಗಿದಿಲ್ಲ ಅನ್ನುತ್ತಾಳೆ ಓಸ್ಲಾ,
ಮುಂದಿನ ವಾರ ಏನಾದರೂ ಹಚ್ಚು ಅನ್ನುತ್ತಾಳೆ.
ನೋಡೋಣ.
ಗುಲಾಬಿ ಬಣ್ಣ ತರಲು ಹೇಳಿದ್ದೇನೆ.